ಸಾಮಾನ್ಯ ಹೆಸರಿನಿಂದ ತಮಾಷೆ ಪದ ಕಟ್ಟುವುದು ಹೇಗೆ: ಸೀನನಿಂದ ಶುರು ಮಾಡಿ

ಕನ್ನಡದಲ್ಲಿ ಹೆಸರುಗಳು ಆಳನ್ನು ಬಿಟ್ಟು ಹೊರಗೆ ಬಂದು ಪದಗಳಾಗಿ ಓಡಾಡುತ್ತಿವೆ. ಉಂಡು ತಿರುಗುವವನು ಉಂಡಾಡಿ ಗುಂಡ. ಬಾಯಿ ಮುಚ್ಚದವನು ಮಾತಿನಮಲ್ಲ, ಅವನ ತಂಗಿ ಮಾತಿನಮಲ್ಲಿ. ಹೋದ ಕೆಲಸ ಆಗದೆ ಬರಿಗೈಲಿ ಮರಳಿದರೆ ‘ಹೋದ ಪುಟ್ಟ ಬಂದ ಪುಟ್ಟ’. ಸಾಲ ಕೊಟ್ಟ ದುಡ್ಡು ವಾಪಸ್ ಬರದಿದ್ದರೆ ದುಡ್ಡೆಲ್ಲ ಗೋವಿಂದ. ಜಡೆ ಹೆಣೆದು, ಹೂ ಮುಡಿದು, ಸೀರೆ ಉಟ್ಟು ಬಂದವಳಿಗೆ ಗೆಳತಿಯರು ‘ಏನೇ ಗೌರಮ್ಮ’ ಅನ್ನುತ್ತಾರೆ. ಇವೆಲ್ಲ ತಾನಾಗಿ ಹುಟ್ಟಿದಂತೆ ಕಾಣುತ್ತವೆ, ಆದರೆ ಬಿಚ್ಚಿ ನೋಡಿದರೆ ಎಲ್ಲದರಲ್ಲೂ ಒಂದೇ ಬಗೆಯ ಲೆಕ್ಕ ಇದೆ. ಆ ಲೆಕ್ಕ ಹಿಡಿದರೆ ಹೊಸ ಪದವನ್ನೂ ಕಟ್ಟಬಹುದು.

ಮೊದಲೇ ಹೇಳಿಬಿಡಬೇಕಾದ ಮಾತು: ಹೆಸರಿನ ಪದ ಒಬ್ಬ ಮನುಷ್ಯನಿಗೆ ಅಂಟಬಾರದು, ಒಂದು ವರ್ತನೆಗೆ ಅಂಟಬೇಕು. ಮನುಷ್ಯನಿಗೆ ಅಂಟಿದರೆ ಅದು ಅಡ್ಡಹೆಸರು, ಆ ಗುಂಪು ಚದುರಿದ ದಿನ ಸಾಯುತ್ತದೆ. ವರ್ತನೆಗೆ ಅಂಟಿದರೆ ಅದು ಪದ, ಯಾರು ಹಾಗೆ ಮಾಡಿದರೂ ಅವರ ಮೇಲೆ ಹಾಕಬಹುದು. ಕೆಳಗಿನ ಎಲ್ಲ ಹೆಜ್ಜೆಗಳೂ ಈ ಒಂದು ಗುರಿಗಾಗಿ.

ಹೆಸರನ್ನು ಮೂರು ಮಾತ್ರೆಗೆ ಕತ್ತರಿಸಿ

ಹೆಸರು ತುಂಬಾ ಸಾಮಾನ್ಯವಾಗಿರಬೇಕು. ಕೇಳಿದ ತಕ್ಷಣ ಯಾವುದೋ ಒಂದು ಮುಖ ಕಣ್ಣ ಮುಂದೆ ಬರಬಾರದು. ಶ್ರೀನಿವಾಸ, ವೆಂಕಟೇಶ, ನಾರಾಯಣ, ಮಂಜುನಾಥ, ಕೃಷ್ಣ, ಸುಬ್ರಹ್ಮಣ್ಯ, ಲಕ್ಷ್ಮಿ, ಪದ್ಮಾ: ಇಂಥವು ಸರಿ. ಅಪರೂಪದ ಹೆಸರು ತೆಗೆದುಕೊಂಡರೆ ಕೇಳಿದವರೆಲ್ಲ ‘ಯಾರದು?’ ಎಂದು ಕೇಳುತ್ತಾರೆ, ತಮಾಷೆ ಅಲ್ಲೇ ಮುಗಿಯಿತು.

ಪೂರ್ತಿ ಹೆಸರು ಪದವಾಗುವುದು ಕಡಿಮೆ. ಅದನ್ನು ಕತ್ತರಿಸಬೇಕು, ಹೇಗೆ ಕತ್ತರಿಸಬೇಕೆಂಬುದನ್ನು ನಮ್ಮ ಮನೆಮಾತೇ ತೋರಿಸಿಕೊಟ್ಟಿದೆ. ಶ್ರೀನಿವಾಸ ಸೀನನಾದ, ವೆಂಕಟೇಶ ಎಂಕನಾದ, ನಾರಾಯಣ ನಾಣಿಯಾದ, ಕೃಷ್ಣ ಕಿಟ್ಟಿಯಾದ, ಸುಬ್ರಹ್ಮಣ್ಯ ಸುಬ್ಬನಾದ, ಲಕ್ಷ್ಮಿ ಲಚ್ಚಿಯಾದಳು, ಪದ್ಮಾ ಪದ್ದಿಯಾದಳು. ಇವುಗಳನ್ನು ಮಾತ್ರೆ ಹಾಕಿ ನೋಡಿ. ಮಾತ್ರೆ ಎಂದರೆ ಅಕ್ಷರ ಹೇಳಲು ಹಿಡಿಯುವ ಕಾಲದ ಅಳತೆ: ಲಘುವಿಗೆ ಒಂದು, ಗುರುವಿಗೆ ಎರಡು. ಸೀ ಗುರು, ನ ಲಘು. ಎಂ ಗುರು, ಕ ಲಘು. ಕಿಟ್ ಗುರು, ಟಿ ಲಘು. ಗುಂಡ, ಮಲ್ಲ, ತಿಮ್ಮ, ಪುಟ್ಟ ಕೂಡ ಹೀಗೇ. ಎರಡು ಅಕ್ಷರ, ಮೂರು ಮಾತ್ರೆ, ಮೊದಲನೆಯದು ಗುರು. ಈ ಅಳತೆಗೆ ಕಾರಣವೂ ಇದೆ: ಮೊದಲ ಅಕ್ಷರದ ಮೇಲೆ ಒತ್ತು ಹಾಕಿ ಎಷ್ಟು ಬೇಕಾದರೂ ಎಳೆಯಬಹುದು, ಎರಡನೆಯದನ್ನು ತಟ್ಟನೆ ಬಿಡಬಹುದು. ಕೀಟಲೆಯ ಮಾತಿಗೆ ಈ ಎಳೆತ ಬೇಕೇ ಬೇಕು.

ಕತ್ತರಿಸುವಾಗ ಒತ್ತಕ್ಷರ ಸಡಿಲಿಸಿ: ಕ್ಷ್ಮ ಬೇಡ, ಚ್ಚ ಸಾಕು, ಶ್ರೀ ಬೇಡ, ಸೀ ಸಾಕು. ಹೊಸ ಕಾಲದ ಹೆಸರುಗಳಿಗೂ ಇದೇ ಕತ್ತರಿ. ಸಂತೋಷ್ ಸಂತು, ಚಂದ್ರಶೇಖರ್ ಚಂದ್ರು, ರಾಘವೇಂದ್ರ ರಾಘು, ರೋಹಿತ್ ರೋಹಿ, ಎಲ್ಲವೂ ಮೂರು ಮಾತ್ರೆಯವು. ಶಿವಕುಮಾರ ಶಿವು ಆದರೆ ಎರಡೇ ಮಾತ್ರೆ, ಸಪ್ಪೆ. ಅದಕ್ಕೇ ಸಿಕ್ಕವರನ್ನೆಲ್ಲ ‘ಏನ್ ಶಿವಾ’ ಎನ್ನುವಾಗ ಕೊನೆಯ ಅಕ್ಷರ ಎಳೆದು ಮೂರು ಮಾಡಿಕೊಳ್ಳುತ್ತೇವೆ.

ಕೊನೆಯ ಸ್ವರದ ಮೇಲೆ ಕಣ್ಣಿರಲಿ. ‘ಅ’ಕಾರದಲ್ಲಿ ಮುಗಿದರೆ ಖಾರ, ‘ಉ’ಕಾರ ‘ಇ’ಕಾರದಲ್ಲಿ ಮುಗಿದರೆ ಮುದ್ದು. ಸೀನ ಎಂದರೆ ಬೈಗುಳದ ಅಂಚು, ಸೀನು ಎಂದರೆ ಮನೆಯ ಮಗ. ತಮಾಷೆ ಪದಕ್ಕೆ ಬಹುತೇಕ ‘ಅ’ಕಾರವೇ ಒಗ್ಗುತ್ತದೆ. ಧಾರವಾಡದ ಕಡೆ ಇದೇ ಹೆಸರು ಸೀನ್ಯಾ, ಬಸ್ಯಾ, ಮಂಜ್ಯಾ ಎಂದಾಗುತ್ತದೆ. ಅಲ್ಲಿ ಪದ ಕಟ್ಟುವವರು ಆ ರೂಪದಿಂದಲೇ ಶುರು ಮಾಡಬೇಕು, ಮೈಸೂರಿನ ರೂಪ ಎರವಲು ತಂದರೆ ಬಾಯಿಗೆ ಹತ್ತುವುದಿಲ್ಲ.

ವರ್ತನೆಯನ್ನು ಒಂದು ವಾಕ್ಯದಲ್ಲಿ ಬರೆದುಕೊಳ್ಳಿ

ಹೆಚ್ಚಿನ ಹೊಸ ಪದಗಳು ಕೆಡುವುದು ಇಲ್ಲಿ. ‘ಸೋಮಾರಿ’, ‘ಪೆದ್ದ’, ‘ಜಿಪುಣ’ ಎಂಬ ದೊಡ್ಡ ಗುಣಗಳಿಗೆ ಕನ್ನಡದಲ್ಲಿ ಪದಗಳು ಕೊಳೆಯುವಷ್ಟಿವೆ. ಅವುಗಳಿಗೆ ಇನ್ನೊಂದು ಹೆಸರು ಸೇರಿಸಿದರೆ ಯಾರಿಗೂ ಬೇಕಾಗುವುದಿಲ್ಲ. ಎಲ್ಲರೂ ಕಂಡಿರುವ, ಆದರೆ ಯಾರೂ ಹೆಸರಿಡದ ಒಂದು ಸಣ್ಣ ವರ್ತನೆ ಹುಡುಕಿ. ಯಾವಾಗ, ಎಲ್ಲಿ, ಏನು ಮಾಡುತ್ತಾನೆ ಎಂಬ ಮೂರೂ ಆ ವಾಕ್ಯದಲ್ಲಿರಲಿ.

ಉದಾಹರಣೆಗೆ: ಪ್ರವಾಸದ ಪ್ಲಾನ್ ಹಾಕುವಾಗ ಎಲ್ಲದಕ್ಕೂ ‘ಬರ್ತೀನಿ ಬರ್ತೀನಿ’ ಎಂದು ತಲೆಯಾಡಿಸಿ, ಹೊರಡುವ ಬೆಳಗ್ಗೆ ಫೋನ್ ಸ್ವಿಚ್ ಆಫ್ ಮಾಡಿಕೊಳ್ಳುವವನು. ಈ ಜಾತಿಯವನಿಲ್ಲದ ಗುಂಪು ಇಲ್ಲ. ಹೀಗೆ ಬರೆದುಕೊಂಡಾಗ ಅವನ ಬಾಯಲ್ಲಿ ಬರುವ ಮಾತನ್ನೂ ಹಾಗೇ ಹಿಡಿದಿಡಿ. ಪದದ ಅರ್ಧ ಭಾಗ ಸಾಮಾನ್ಯವಾಗಿ ಅಲ್ಲೇ ಸಿಗುತ್ತದೆ.

ಪ್ರಾಸ ಕೂಡಿಸುವುದು

ಈಗ ‘ಬರ್ತೀನಿ’ ಮತ್ತು ‘ಸೀನ’ ಅಕ್ಕಪಕ್ಕ ಇಡಿ. ತೀನಿ, ಸೀನ. ಎರಡರಲ್ಲೂ ಮೊದಲ ಅಕ್ಷರ ‘ಈ’ಕಾರದ ಗುರು, ಎರಡನೆಯ ಅಕ್ಷರದ ವ್ಯಂಜನ ‘ನ’. ಹಳೆಯ ಪದ್ಯಗಳ ಆದಿಪ್ರಾಸದಲ್ಲೂ ನೋಡುತ್ತಿದ್ದುದು ಇದನ್ನೇ: ಎರಡನೆಯ ಅಕ್ಷರದ ವ್ಯಂಜನ ಹೊಂದಬೇಕು, ಅದರ ಹಿಂದಿನ ಅಕ್ಷರದ ಗುರುಲಘು ಹೊಂದಬೇಕು, ಸ್ವರ ಬೇರೆಯಾದರೆ ಅಡ್ಡಿಯಿಲ್ಲ. ಹೀಗೆ ಸಿಕ್ಕಿತು ‘ಬರ್ತೀನಿ ಸೀನ’. ಉಂಡಾಡಿ ಗುಂಡದಲ್ಲಿ ‘ಂಡ’ ಮಾಡುವ ಕೆಲಸವನ್ನು ಇಲ್ಲಿ ‘ನ’ ಮಾಡುತ್ತಿದೆ.

ಈ ಅಚ್ಚಿನ ದೊಡ್ಡ ಲಾಭ ಏನೆಂದರೆ ಕ್ರಿಯಾಪದ ಬದಲಾಯಿಸಿದಂತೆ ಸಂಸಾರ ಬೆಳೆಯುತ್ತದೆ. ಸಾಲ ತೆಗೆದುಕೊಂಡು ತಿರುಗಿಸದವನು ಕೊಡ್ತೀನಿ ಸೀನ. ಕೆಲಸ ಒಪ್ಪಿಕೊಂಡು ಮುಟ್ಟದವನು ಮಾಡ್ತೀನಿ ಸೀನ. ಕಳಿಸಿದ ವಿಡಿಯೋ ತೆರೆಯದೆಯೇ ಉತ್ತರ ಕೊಡುವವನು ನೋಡ್ತೀನಿ ಸೀನ. ಹೊಸ ಸೀನನನ್ನು ಯಾರಿಗೂ ವಿವರಿಸಬೇಕಿಲ್ಲ, ಹಿಂದಿನವನು ಗೊತ್ತಿದ್ದರೆ ಸಾಕು. ಪದ ಕಟ್ಟುವಾಗ ಹೀಗೆ ಮರಿ ಹಾಕುವ ಅಚ್ಚು ಸಿಕ್ಕಿದರೆ ಬಿಡಬೇಡಿ.

ಈ ಪ್ರಾಸ ನಿಂತಿರುವುದು ‘ತೀನಿ’ ಎಂಬ ಮೈಸೂರು–ಬೆಂಗಳೂರಿನ ರೂಪದ ಮೇಲೆ. ಕರಾವಳಿಯವರು ‘ಬರ್ತೇನೆ’ ಎನ್ನುತ್ತಾರೆ, ಆಗ ‘ತೇನೆ’ಗೂ ‘ಸೀನ’ನಿಗೂ ಹಿಡಿತ ಅರ್ಧ ಸಡಿಲ. ಆದ್ದರಿಂದ ಯಾರ ಬಾಯಲ್ಲಿ ಓಡಾಡಬೇಕೋ ಅವರ ಆಡುಮಾತಿನಲ್ಲೇ ಪ್ರಾಸ ನೋಡಿ, ಪುಸ್ತಕದ ಮಾತಿನಲ್ಲಿ ನೋಡಬೇಡಿ.

ಬೇರೆ ಹೆಸರುಗಳಿಗೂ ಇದೇ ವಿಧಾನ. ಬಿಲ್ ಬರುವ ಹೊತ್ತಿಗೆ ಮಾಯವಾಗುವವನು ಕಾಣೆ ನಾಣಿ. ಯಾರು ಏನೇ ತಿಂಡಿ ಬಿಚ್ಚಿದರೂ ಒಂದು ತುತ್ತು ವಸೂಲಿ ಮಾಡುವವನು ಸುಂಕದ ಎಂಕ. ವರ್ಷವಿಡೀ ಸುಳಿಯದೆ ಹೋಳಿಗೆಯ ದಿನ ಹಾಜರಾಗುವವನು ಹಬ್ಬದ ಸುಬ್ಬ. ಬೀಗದ ಕೈ, ಕನ್ನಡಕ, ಚಾರ್ಜರ್ ಎಲ್ಲವನ್ನೂ ದಿನಾ ಹುಡುಕುವವನು ಎಲ್ಲಿಟ್ಟೆ ಪುಟ್ಟ. ಹುಡುಗಿಯಾದರೆ ಎಲ್ಲಿಟ್ಟೆ ಪುಟ್ಟಿ. ಹೆಸರಿನ ಹಿಂದಿನ ಪದದಲ್ಲಿ ದ್ವಿತ್ವ, ಅಂದರೆ ‘ಟ್ಟ’ದಂಥ ಜೋಡಿ ವ್ಯಂಜನ, ಇದ್ದರೆ ಹೆಸರಿನಲ್ಲೂ ಅದೇ ದ್ವಿತ್ವ ಬೇಕು: ಸಿಟ್ಟಿಗೆ ಕಿಟ್ಟಿ ಸರಿ, ಸಿಟ್ಟಿಗೆ ಸೀನ ಸರಿಯಲ್ಲ. ಅದು ಅರ್ಥ ಕೊಡುತ್ತದೆ, ನಾಲಗೆ ಮೇಲೆ ನಿಲ್ಲುವುದಿಲ್ಲ.

ಪ್ರಾಸವಿಲ್ಲದೆಯೂ ಬದುಕುವ ಜೋಡಿಗಳಿವೆ, ಮಂಕುತಿಮ್ಮ ಹಾಗೆ. ಅಲ್ಲಿ ಮಂಕು ಮೂರು ಮಾತ್ರೆ, ತಿಮ್ಮ ಮೂರು ಮಾತ್ರೆ. ತೂಕ ಸಮ ಆಗಿರುವುದರಿಂದ ಪ್ರಾಸದ ಕೊರತೆ ಗೊತ್ತಾಗುವುದಿಲ್ಲ. ಪ್ರಾಸ ಸಿಗದಿದ್ದರೆ ತೂಕವನ್ನಾದರೂ ಸರಿ ಮಾಡಿ. ಎರಡೂ ಇಲ್ಲದಿದ್ದರೆ ಆ ಹೆಸರು ಬಿಟ್ಟು ಬೇರೆ ಹೆಸರು ಹಿಡಿಯಿರಿ, ವರ್ತನೆಯನ್ನು ಮಾತ್ರ ಬದಲಾಯಿಸಬೇಡಿ.

ಬಾಲ ಅಂಟಿಸುವುದು

ಹೆಸರಿಗೆ ಬಾಲ ಕಟ್ಟುವುದು ಇನ್ನೊಂದು ದಾರಿ, ಇಲ್ಲಿ ಸಂಧಿ ಗೊತ್ತಿದ್ದವರಿಗೆ ಹಬ್ಬ. ಬರದೆ ಹೋದದ್ದಕ್ಕೆ ಮಾರನೆಯ ದಿನ ಅವನು ಹೇಳುವ ಉದ್ದನೆಯ ನೆಪ ಸೀನೋಪಾಖ್ಯಾನ: ಸೀನ, ಉಪಾಖ್ಯಾನ, ಗುಣಸಂಧಿ. ಅಪರೂಪಕ್ಕೆ ಅವನು ಬಂದೇಬಿಟ್ಟರೆ ಸೀನಾವತಾರ, ಸವರ್ಣದೀರ್ಘ. ಎಲ್ಲರ ಬಿಲ್ ಕೊಡ್ತೀನಿ ಎಂದು ಹೇಳಿ ಪರ್ಸ್ ಮರೆತು ಬಂದರೆ ಸೀನೌದಾರ್ಯ, ವೃದ್ಧಿಸಂಧಿ. ಪ್ರವಾಸಕ್ಕೆ ಮುಂಚೆ ಎಲ್ಲರೂ ‘ಬರ್ತೀನಿ’ ಎನ್ನುವ ಆ ಒಂದು ವಾರ ಸೀನಗಾಲ, ಮಳೆಗಾಲದಂತೆ ಆದೇಶಸಂಧಿ. ಇಂಥ ಪದದ ನಗು ಇರುವುದು ಭಾರಿ ಸಂಸ್ಕೃತದ ಬಾಲಕ್ಕೂ ಬೀದಿಯ ಸೀನನಿಗೂ ಇರುವ ಎತ್ತರದ ಅಂತರದಲ್ಲಿ. ಬಾಲ ಹಗುರವಾದಷ್ಟೂ ನಗು ಕಡಿಮೆ. ‘ಸೀನಾಟ’ಕ್ಕಿಂತ ‘ಸೀನೋಪಾಖ್ಯಾನ’ ಗೆಲ್ಲುವುದು ಇದಕ್ಕೇ.

ಸಂಸ್ಕೃತವನ್ನೂ ಅಚ್ಚಗನ್ನಡವನ್ನೂ ಹೀಗೆ ಬೆಸೆಯುವುದನ್ನು ವ್ಯಾಕರಣ ಅರಿಸಮಾಸ ಎಂದು ದೂರ ಇಡುತ್ತದೆ. ಆದರೆ 13ನೇ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಬಿರುದಾವಳಿಗೆ ವಿನಾಯಿತಿ ಕೊಟ್ಟಿದ್ದಾನೆ. ಗೆಳೆಯರು ಕೊಡುವ ಹೆಸರೂ ಬಿರುದೇ ತಾನೆ, ಧೈರ್ಯವಾಗಿ ಬೆಸೆಯಿರಿ.

ಬಾಲ ಅಂಟಿಸುವಾಗ ಹೆಸರು ‘ಅ’ಕಾರದಲ್ಲಿ ಮುಗಿಯುವುದು ಒಳ್ಳೆಯದು. ಸೀನು ಎಂದಿಟ್ಟುಕೊಂಡು ಅವತಾರ ಸೇರಿಸಿದರೆ ಯಣ್ ಸಂಧಿಯಾಗಿ ‘ಸೀನ್ವವತಾರ’ ಬರುತ್ತದೆ, ಅದನ್ನು ಎರಡನೇ ಸಲ ಹೇಳಲು ಯಾರೂ ಮುಂದೆ ಬರುವುದಿಲ್ಲ. ಆದರೆ ಯಣ್ ಸಂಧಿ ಕೆಲವೊಮ್ಮೆ ಕೊಡುಗೆಯನ್ನೇ ಕೊಡುತ್ತದೆ: ನಾಣಿಗೆ ಅವತಾರ ಸೇರಿಸಿ, ‘ನಾಣ್ಯವತಾರ’ ಆಯಿತು. ಐದು ರೂಪಾಯಿ ಚಿಲ್ಲರೆಗೆ ಆಟೋದವರ ಜತೆ ಕಾಲು ಗಂಟೆ ವಾದಿಸುವವನಿಗೆ ಇದಕ್ಕಿಂತ ಒಪ್ಪುವ ಹೆಸರು ಬೇಕಿಲ್ಲ.

ತನ, ಗಿರಿ ಎಂಬ ಪ್ರತ್ಯಯಗಳು ಸುಲಭ: ಸೀನತನ, ಸೀನಗಿರಿ. ‘ಗಿರಿ’ ಸ್ವಲ್ಪ ರೋಫ್ ಇರುವ ವರ್ತನೆಗೆ, ‘ತನ’ ಪಾಪದ ವರ್ತನೆಗೆ. ಪಡಿನುಡಿಯೂ ಇದೆ, ‘ಸೀನ ಗೀನ ಯಾರೂ ಬೇಡ, ನಾವೇ ಹೋಗೋಣ’ ಎನ್ನುವ ಹಾಗೆ. ಮೊದಲ ಅಕ್ಷರ ದೀರ್ಘವಾದರೆ ಗೀ, ಹ್ರಸ್ವವಾದರೆ ಗಿ: ರಾಮ ಗೀಮ, ಮಂಜ ಗಿಂಜ. ಗಿರೀಶನಿಗೆ ಇದು ಕೂಡುವುದಿಲ್ಲ, ಅವನ ಹೆಸರೇ ‘ಗಿ’ಯಿಂದ ಶುರು.

ಹೆಸರು ಪದವಾಯಿತೇ ಎಂದು ತಿಳಿಯುವ ಪರೀಕ್ಷೆ

ಮೂರು ವಾಕ್ಯಗಳಲ್ಲಿ ಹಾಕಿ ನೋಡಿ. ‘ಅವನೊಬ್ಬ ಬರ್ತೀನಿ ಸೀನ’: ‘ಒಬ್ಬ’ ಹತ್ತಿದರೆ ಅದು ಅಂಕಿತನಾಮದಿಂದ, ಅಂದರೆ ಒಬ್ಬನಿಗೆ ಇಟ್ಟ ಹೆಸರಿನಿಂದ, ಹೊರಬಂತು. ‘ನಮ್ಮಲ್ಲಿ ಇಬ್ಬರು ಬರ್ತೀನಿ ಸೀನರಿದ್ದಾರೆ’: ಬಹುವಚನ ಹತ್ತಿದರೆ ರೂಢನಾಮ, ಅಂದರೆ ಆ ಬಗೆಯ ಎಲ್ಲರಿಗೂ ಸಲ್ಲುವ ಪದ, ಆಯಿತು. ಮೂರನೆಯದು ಕಷ್ಟದ ಪರೀಕ್ಷೆ, ‘ಪ್ಲಾನೆಲ್ಲ ಸೀನ ಆಯ್ತು’. ‘ದುಡ್ಡು ಗೋವಿಂದ ಆಯ್ತು’ ಎಂಬಲ್ಲಿ ನೋಡಿ, ಕ್ರಿಯಾಪದ ನಪುಂಸಕಲಿಂಗದಲ್ಲಿದೆ. ಗೋವಿಂದ ಎಂಬ ಗಂಡಸು ಅಲ್ಲಿ ಇಲ್ಲವೇ ಇಲ್ಲ, ಉಳಿದದ್ದು ಕೈಬಿಟ್ಟು ಹೋದ ಸ್ಥಿತಿ ಮಾತ್ರ. ಇಲ್ಲಿಯವರೆಗೆ ಬರುವ ಪದಗಳು ಬೆರಳೆಣಿಕೆ. ಎರಡನೆಯ ವಾಕ್ಯ ದಾಟಿದರೂ ಕೆಲಸ ಗೆದ್ದಂತೆ.

ಹಾಗೆಯೇ ಹೆಸರು ಇನ್ನೊಂದು ಪದಕ್ಕೆ ಡಿಕ್ಕಿ ಹೊಡೆಯುತ್ತದೆಯೇ ಎಂದೂ ನೋಡಬೇಕು. ಸೀನನ ಪಕ್ಕದಲ್ಲೇ ‘ಸೀನು’ ಎಂಬ ಕ್ರಿಯಾಪದವಿದೆ. ‘ಸೀನಬೇಡ’ ಎಂದರೆ ಎಲ್ಲರೂ ಕರ್ಚೀಫ್ ಹುಡುಕುತ್ತಾರೆ, ಅದಕ್ಕೆ ಸೀನನಿಂದ ನೇರ ಕ್ರಿಯಾಪದ ಮಾಡದೆ ‘ಸೀನ ಆಗಬೇಡ’ ಎನ್ನಬೇಕು. ಇನ್ನೊಂದು ಪಕ್ಕದಲ್ಲಿ ‘ಅಷ್ಟೆಲ್ಲ ಸೀನ್ ಇಲ್ಲ’ ಎನ್ನುವ ಬೆಂಗಳೂರಿನ ‘ಸೀನ್’ ಇದೆ. ಅದು ಡಿಕ್ಕಿಯಲ್ಲ, ನೆರವು. ‘ಸೀನನಿಗೆ ಅಷ್ಟೆಲ್ಲ ಸೀನ್ ಇಲ್ಲ’ ಎಂದು ಎರಡನ್ನೂ ಒಟ್ಟಿಗೆ ಬಳಸಬಹುದು. ಬಸವನ ವಿಷಯದಲ್ಲಿ ಎಚ್ಚರ ಜಾಸ್ತಿ ಬೇಕು. ಹೇಳಿದ್ದಕ್ಕೆಲ್ಲ ತಲೆಯಾಡಿಸುವವನನ್ನು ಕೋಲೆಬಸವ ಎನ್ನುತ್ತೇವೆ. ಅದು ಮನೆಮನೆಗೆ ಅಲಂಕರಿಸಿ ಕರೆತರುವ ಎತ್ತಿನಿಂದ ಬಂದದ್ದು, ಬಸವ ಎಂಬುದು ವೃಷಭದ ತದ್ಭವ. ಆ ಹೆಸರಿನ ಮನುಷ್ಯರಿಗೂ ಅದಕ್ಕೂ ಸಂಬಂಧವಿಲ್ಲ. ಅದನ್ನು ನೋಡಿ ಹೊಸ ಬಸವ ಪದ ಕಟ್ಟಲು ಹೋದರೆ ಜನರ ಭಕ್ತಿಗೆ ಕೈ ಹಾಕಿದಂತಾಗುತ್ತದೆ. ಬಿಟ್ಟುಬಿಡುವುದೇ ಸರಿ.

ಬಳಕೆಗೆ ಬಿಡುವ ರೀತಿ

ಪದವನ್ನು ಘೋಷಣೆ ಮಾಡಬೇಡಿ. ‘ನಾನೊಂದು ಹೊಸ ಪದ ಮಾಡಿದ್ದೀನಿ’ ಎಂದ ಕ್ಷಣ ಅದು ಸತ್ತಿತು. ವರ್ತನೆ ಕಣ್ಣೆದುರಿಗೆ ನಡೆದಾಗ, ಫೋನ್ ಸ್ವಿಚ್ ಆಫ್ ಬಂದ ಆ ನಿಮಿಷದಲ್ಲೇ, ಯಾವ ವಿವರಣೆಯೂ ಇಲ್ಲದೆ ಹೇಳಿ: ‘ಬಿಡ್ರೋ, ಬರ್ತೀನಿ ಸೀನ.’ ಕೇಳಿದವರಿಗೆ ತಾನಾಗಿ ಹೊಳೆಯಬೇಕು. ಹೊಳೆಯದಿದ್ದರೆ ಪದ ಸರಿಯಾಗಿಲ್ಲ, ಬಿಡಿಸಿ ಹೇಳಿದರೆ ಸರಿಹೋಗುವುದಿಲ್ಲ. ಒಂದು ಕೂಟದಲ್ಲಿ ಒಮ್ಮೆ, ಹೆಚ್ಚೆಂದರೆ ಎರಡು ಸಲ. ಅದಕ್ಕಿಂತ ಹೆಚ್ಚು ಹೇಳಿದರೆ ಪದ ನಿಮ್ಮ ಚಟವಾಗಿ ಕಾಣುತ್ತದೆ, ಬೇರೆಯವರು ಎತ್ತಿಕೊಳ್ಳುವುದಿಲ್ಲ. ನೀವಲ್ಲದ ಇನ್ನೊಬ್ಬರು ಅದನ್ನು ಮೂರನೆಯವರ ಮೇಲೆ ಪ್ರಯೋಗಿಸಿದ ದಿನ ಪದಕ್ಕೆ ಜೀವ ಬಂತೆಂದು ತಿಳಿಯಿರಿ.

ಮೊದಲ ಸಲ ಯಾರ ಮೇಲೆ ಹಾಕಬೇಕು ಎಂಬುದು ಬಹಳ ಮುಖ್ಯ. ಗುಂಪಿಗೆ ಹೊಸಬರಾದವರ ಮೇಲೆ, ಕಿರಿಯರ ಮೇಲೆ, ಕೈಕೆಳಗೆ ಕೆಲಸ ಮಾಡುವವರ ಮೇಲೆ ಬೇಡ. ಅವರಿಗೆ ತಿರುಗಿ ನಗುವ ಸ್ವಾತಂತ್ರ್ಯ ಇರುವುದಿಲ್ಲ. ಸರಿಸಮನಾದ, ವಾಪಸ್ ಕಿಚಾಯಿಸಬಲ್ಲ ಗೆಳೆಯನ ಮೇಲೆ ಹಾಕಿ. ದೊಡ್ಡವರಿಗೆ ‘ಸೀನಣ್ಣ’, ‘ಸೀನಪ್ಪ’ ಎಂದು ಬಾಲ ಸೇರಿಸಿದರೂ ಖಾರ ಕಡಿಮೆಯಾಗುವುದಿಲ್ಲ, ಎದುರಿಗೆ ಮರ್ಯಾದೆ ಕೊಟ್ಟು ಆಡಿಕೊಂಡಂತೆ ಕೇಳುತ್ತದೆ. ಗುಂಪಿನಲ್ಲಿ ನಿಜವಾದ ಶ್ರೀನಿವಾಸನೊಬ್ಬನಿದ್ದರೆ ಸೀನನನ್ನು ಅಲ್ಲಿ ಬಳಸಲೇಬೇಡಿ. ಅವನು ಪ್ರತಿ ಪ್ರವಾಸಕ್ಕೂ ಮೊದಲು ಬಂದು ನಿಲ್ಲುವವನಾದರೂ ಮಾತು ಅವನಿಗೇ ಬೀಳುತ್ತದೆ. ಆ ಗುಂಪಿಗೆ ಬೇರೆ ಹೆಸರು ನೋಡಿಕೊಳ್ಳಿ.

ಮೈಬಣ್ಣ, ಎತ್ತರ, ತೂಕ, ಉಗ್ಗು, ಬಡತನ ಇವುಗಳಿಗೆ ಹೆಸರಿನ ಪದ ಕಟ್ಟಬೇಡಿ. ಇವು ವರ್ತನೆಗಳಲ್ಲ, ಯಾರೂ ನಾಳೆಯಿಂದ ಬಿಡಬಹುದಾದವೂ ಅಲ್ಲ. ಒಂದೇ ಜಾತಿಯಲ್ಲೋ ಧರ್ಮದಲ್ಲೋ ಮಾತ್ರ ಇಡುವ ಹೆಸರನ್ನೂ ತೆಗೆದುಕೊಳ್ಳಬೇಡಿ, ಮಾಡಿದ ತಪ್ಪು ಒಬ್ಬನದಾದರೂ ಪದ ಇಡೀ ಸಮುದಾಯದ ಕಡೆ ಬೆರಳು ತೋರಿಸುತ್ತದೆ. ಹೆಣ್ಣಿನ ಹೆಸರುಗಳಲ್ಲಿ ಇನ್ನೂ ಹುಷಾರು. ಅದೇ ವರ್ತನೆಗೆ ಸುಬ್ಬ ಎಂದರೆ ನಗುವ ಜನ ಸುಬ್ಬಿ ಎಂದಾಗ ಆ ಹೆಂಗಸಿನ ನಡತೆಯ ಬಗ್ಗೆ ಮಾತಾಡಲು ಶುರು ಮಾಡುತ್ತಾರೆ. ಎಲ್ಲಿಟ್ಟೆ ಪುಟ್ಟಿಯಂತೆ ಹಗುರವಾದ, ಮನೆಮಂದಿಯೂ ಆಡಬಹುದಾದ ವರ್ತನೆಗಷ್ಟೇ ಇಟ್ಟುಕೊಳ್ಳಿ.

ಬರೆಯುವಾಗ

ವಾಟ್ಸಾಪ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿದರೆ ಹ್ರಸ್ವ ದೀರ್ಘ ಎರಡೂ ಅಳಿಸಿಹೋಗುತ್ತವೆ. ಗುಂಡ ಮತ್ತು ಗೂಂಡಾ ಅಲ್ಲಿ ಒಂದೇ ರೀತಿ ಕಾಣುತ್ತವೆ. ಒಬ್ಬನನ್ನು ಊಟದ ಪ್ರಿಯ ಎಂದು ಕೀಟಲೆ ಮಾಡಲು ಹೋಗಿ ರೌಡಿ ಎಂದು ಬರೆದಂತಾಗುತ್ತದೆ. ಮಲ್ಲಿ, ಮಾಲಿ, ಮಳ್ಳಿ ಕೂಡ ಹಾಗೆಯೇ ಕಲಸಿಹೋಗುತ್ತವೆ, ಮಳ್ಳಿ ಎಂಬುದಂತೂ ನೇರ ಬೈಗುಳ. ಹೆಸರಿನ ಪದವನ್ನು ಕನ್ನಡ ಅಕ್ಷರದಲ್ಲೇ ಬರೆಯಿರಿ. ಎರಡು ಪದದ ಜೋಡಿಯಾದರೆ ನಡುವೆ ಜಾಗ ಬಿಡಿ, ಬರ್ತೀನಿ ಸೀನ ಎಂದು. ‘ಬರ್ತೀನಿಸೀನ’ ಎಂದು ಅಂಟಿಸಿದರೆ ಓದುವವರು ಎಲ್ಲಿ ಒಡೆಯಬೇಕೆಂದು ತಡವರಿಸುತ್ತಾರೆ. ಸಂಧಿಯಾದ ಸೀನೋಪಾಖ್ಯಾನದಂಥವನ್ನು ಮಾತ್ರ ಒಂದೇ ಪದವಾಗಿ ಬರೆಯಬೇಕು, ಬಿಡಿಸಿದರೆ ಗಾಂಭೀರ್ಯವೂ ಹೋಯಿತು, ನಗುವೂ ಹೋಯಿತು.